ಲಿಯೋನ್‌ನಿಂದ ಸಾಂತಿಯಾಗೊವರೆಗೆ ನಾವಿಬ್ಬರು ತಂಗಿದ ಛತ್ರಗಳು

ತೀರ್ಪು ಮೊದಲೇ ಹೇಳಿಬಿಡುತ್ತೇನೆ, ಪುರುಸೊತ್ತಿಲ್ಲದವರು ಇಷ್ಟೇ ಓದಿದರೂ ಸಾಕು. ಸ್ಪೇನಿನ ಕಮಿನೊ ಎಂಬ ಕಾಲ್ನಡಿಗೆಯ ಯಾತ್ರೆ ಮಾಡುವ ಆಸೆ ಇದ್ದರೆ ಸಾರಿಯಾ ಊರಿಂದ ಶುರು ಮಾಡಬೇಡಿ. ಪ್ಯಾಕೇಜ್ ಮಾಡಿಸಿದರೆ ನಿಮಗೆ ಹೆಚ್ಚಾಗಿ ಸಿಗುವುದು ಅಲ್ಲಿಂದ ಸಾಂತಿಯಾಗೊವರೆಗಿನ ಕೊನೆಯ ನೂರು ಚಿಲ್ಲರೆ ಕಿಲೋಮೀಟರ್. ಇನ್ನೊಂದೆರಡು ವಾರ ಹೊಂದಿಸಿಕೊಂಡು ಲಿಯೋನ್‌ನಿಂದ ಹೊರಡಿ. ಆಗಲ್ಲ ಅಂದರೆ ಅಸ್ತೋರ್ಗಾದಿಂದಾದರೂ ಹೊರಡಿ. ಯಾಕೆ ಅಂದರೆ ಈ ದಾರಿಯ ಸೊಗಸು ಇರುವುದು ಅಲ್ಲಿನ ಛತ್ರಗಳಲ್ಲಿ, ಮತ್ತು ಸಾರಿಯಾ ದಾಟಿದ ಮೇಲೆ ಅದು ತುಂಬಾ ಕಮ್ಮಿ ಆಗುತ್ತದೆ.

ನಾವು ಶಿವಮೊಗ್ಗದವರು. ನನಗೆ 58, ನಮ್ಮ ಮನೆಯವರಿಗೆ 63. ಇವರಿಗೆ ಬಿಪಿ ಇದೆ, ಬಲಗಾಲಿನ ಮಂಡಿ ನೋವೂ ಇದೆ. ಸೆಪ್ಟೆಂಬರ್ ಎರಡನೇ ವಾರ ಲಿಯೋನ್ ಬಿಟ್ಟು 16 ದಿನ ನಡೆದೆವು. ಸುಮಾರು 310 ಕಿಲೋಮೀಟರ್. ನಾವು ನಡೆದ ದಾರಿಗೆ ಫ್ರೆಂಚ್ ದಾರಿ ಎಂದು ಹೆಸರು. ಅದು ಪೂರ್ತಿ ನಡೆದರೆ ಫ್ರಾನ್ಸಿನ ಗಡಿಯ ಒಂದು ಸಣ್ಣ ಊರಿಂದ ಶುರುವಾಗಿ 780 ಕಿಲೋಮೀಟರ್ ಆಗುತ್ತದೆ, ಒಂದು ತಿಂಗಳಿಗಿಂತ ಜಾಸ್ತಿ ಬೇಕು, ಅಷ್ಟು ನಮ್ಮಿಂದ ಆಗುತ್ತಿರಲಿಲ್ಲ. ದಾರಿ ಮುಗಿಯುವುದು ಸಾಂತಿಯಾಗೊ ದೆ ಕೊಂಪೊಸ್ತೆಲಾದ ದೊಡ್ಡ ಚರ್ಚಿನಲ್ಲಿ. ಸಂತ ಯಾಕೋಬನ ಸಮಾಧಿ ಅಲ್ಲಿದೆ ಎಂದು ನಂಬಿ ಸಾವಿರ ವರ್ಷದಿಂದ ಜನ ನಡೆಯುತ್ತಿದ್ದಾರೆ.

ದಾರಿ ತಪ್ಪುವ ಭಯ ಬೇಡ. ಗೋಡೆ, ಮರ, ಕಂಬ ಎಲ್ಲದರ ಮೇಲೂ ಹಳದಿ ಬಾಣ ಬರೆದಿದ್ದಾರೆ. ಓ ಸೆಬ್ರೇರೊ ಎಂಬ ಬೆಟ್ಟದೂರಿನ ಪಾದ್ರಿ ಎಲಿಯಾಸ್ ವಾಲಿನ್ಯಾ 1984ರಲ್ಲಿ ಹಳದಿ ಬಣ್ಣದ ಡಬ್ಬಿ ಹಿಡಿದು ಈ ಬಾಣ ಬರೆಯಲು ಶುರು ಮಾಡಿದವರು. ಅವರ ಪ್ರತಿಮೆ ಆ ಊರಿನ ಚರ್ಚಿನ ಹೊರಗೇ ಇದೆ. ನಾನು ಕೈ ಮುಗಿದು ಬಂದೆ.

ಇನ್ನು ಛತ್ರದ ವಿಷಯ. ಅಲ್ಲಿ ಅದಕ್ಕೆ ಆಲ್ಬೆರ್ಗೆ ಎನ್ನುತ್ತಾರೆ. ಮೂರು ಥರ ಇವೆ. ಒಂದು ಸರ್ಕಾರದ್ದು ಅಥವಾ ಊರಿನ ಪಂಚಾಯ್ತಿಯದ್ದು, ಮೊದಲು ಬಂದವರಿಗೆ ಮೊದಲು. ಇನ್ನೊಂದು ಖಾಸಗಿ, ಫೋನ್ ಮಾಡಿ ಬುಕ್ ಮಾಡಬಹುದು, ಹಾಸಿಗೆಗೆ ಹದಿನೈದರಿಂದ ಇಪ್ಪತ್ತು ಯೂರೋ. ಮೂರನೆಯದು ದೊನಾತಿವೊ, ಅಂದರೆ ದರವೇ ಇಲ್ಲ, ಬಾಗಿಲ ಹತ್ತಿರ ಒಂದು ಡಬ್ಬಿ ಇರುತ್ತದೆ, ಮನಸ್ಸಿಗೆ ಬಂದಷ್ಟು ಹಾಕುವುದು. ನೋಡಿಕೊಳ್ಳುವವರಿಗೆ ಓಸ್ಪಿತಾಲೆರೊ ಎಂದು ಹೆಸರು. ದೊನಾತಿವೊಗಳಲ್ಲಿ ಇವರು ಹೆಚ್ಚಾಗಿ ಸ್ವಯಂಸೇವಕರು. ತಾವೂ ಒಂದು ಸಲ ನಡೆದವರು, ಈಗ ರಜೆ ಹಾಕಿ ಎರಡು ವಾರ ಕಕ್ಕಸು ತೊಳೆಯುವುದಕ್ಕೂ ಅಡುಗೆ ಮಾಡುವುದಕ್ಕೂ ಬಂದವರು.

ಎಲ್ಲಾ ಕಡೆ ದಿನಚರಿ ಒಂದೇ. ಮಧ್ಯಾಹ್ನ ಒಂದು ಗಂಟೆ ಹೊತ್ತಿಗೆ ಬಾಗಿಲು ತೆಗೆಯುತ್ತಾರೆ. ಬೂಟು ಹೊರಗಿನ ಕಪಾಟಿನಲ್ಲಿ ಬಿಡಬೇಕು. ಪಾಸ್‌ಪೋರ್ಟ್ ಮತ್ತು ಕ್ರೆದೆನ್ಸಿಯಾಲ್ ಎಂಬ ಯಾತ್ರಿಕರ ಮಡಿಕೆ ಮಡಿಕೆ ಕಾರ್ಡು ಕೊಟ್ಟರೆ ಸೀಲು ಒತ್ತಿ ಹಾಸಿಗೆ ನಂಬರ್ ಹೇಳುತ್ತಾರೆ. ಸರ್ಕಾರಿ, ದೊನಾತಿವೊ ಛತ್ರಗಳಲ್ಲಿ ಕಾರ್ಡು ಇಲ್ಲದವರಿಗೆ ಜಾಗ ಇಲ್ಲ. ಸ್ನಾನ, ಬಟ್ಟೆ ಒಗೆಯುವುದು, ಹಗ್ಗಕ್ಕೆ ಹಾಕುವುದು, ಒಂದು ನಿದ್ದೆ. ರಾತ್ರಿ ಹತ್ತಕ್ಕೆ ದೀಪ ಆರಿಸುತ್ತಾರೆ, ಬೆಳಿಗ್ಗೆ ಎಂಟರೊಳಗೆ ಜಾಗ ಖಾಲಿ ಮಾಡಬೇಕು. ಅಲ್ಲಿ ಸೆಪ್ಟೆಂಬರಿನಲ್ಲಿ ಬೆಳಕಾಗುವುದೇ ಎಂಟು ಗಂಟೆ ಹೊತ್ತಿಗೆ, ಹಾಗಾಗಿ ಹಣೆಗೆ ಕಟ್ಟುವ ಟಾರ್ಚ್ ಬೇಕೇ ಬೇಕು.

ಮೂವತ್ತು ನಲವತ್ತು ಜನ ಒಂದೇ ಹಾಲ್‌ನಲ್ಲಿ, ಒಂದರ ಮೇಲೊಂದು ಮಂಚ. ಗಂಡಸರು ಹೆಂಗಸರು ಎಲ್ಲಾ ಒಟ್ಟಿಗೆ. ಮೊದಲ ರಾತ್ರಿ ನನಗೆ ನಿಜವಾಗಿ ಮುಜುಗರ ಆಯಿತು. ಎರಡನೇ ರಾತ್ರಿಗೆ ಕಾಲು ನೋವಿನಲ್ಲಿ ಅದೆಲ್ಲ ಮರೆತೇ ಹೋಯಿತು. ವಯಸ್ಸು ನೋಡಿ ನಮಗೆ ಕೆಳಗಿನ ಮಂಚವನ್ನೇ ಕೊಡುತ್ತಿದ್ದರು. ಬಹಳಷ್ಟು ಕಡೆ ನಾವು ಕೇಳುವ ಮೊದಲೇ. ಮೇಲಿನ ಮಂಚ ಉಳಿದಿದ್ದ ಒಂದು ಕಡೆ ಓಸ್ಪಿತಾಲೆರೊ ಅಮ್ಮ ಇವರ ಮಂಡಿ ಕಡೆ ಒಂದು ಸಲ ನೋಡಿ, ಕೆಳಗಿದ್ದ ಹುಡುಗನೊಬ್ಬನ ಹತ್ತಿರ ಏನೋ ಹೇಳಿದರು. ಆ ಹುಡುಗ ತನ್ನ ಸ್ಲೀಪಿಂಗ್ ಬ್ಯಾಗ್ ಎತ್ತಿಕೊಂಡು ಮೇಲೆ ಹತ್ತಿದ.

ಮೂರನೇ ದಿನ ನನ್ನ ಎಡ ಹಿಮ್ಮಡಿಗೆ ಬೊಬ್ಬೆ ಬಂತು. ಅಸ್ತೋರ್ಗಾಕ್ಕೆ ಮೊದಲು ಸಿಗುವ ಒಂದು ಚಿಕ್ಕ ದೊನಾತಿವೊದಲ್ಲಿ ತಂಗಿದ್ದೆವು. ಕುಂಟುವುದನ್ನು ನೋಡಿ ಅಲ್ಲಿನ ಹೆಂಗಸು ನನ್ನನ್ನು ಬೆಂಚಿನ ಮೇಲೆ ಕೂರಿಸಿದರು. ತಾವು ಕೆಳಗೆ ಕೂತು, ಟವೆಲ್ ಹಾಸಿ, ನನ್ನ ಪಾದ ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. ನನಗೆ ಮೈಯೆಲ್ಲ ಸಂಕೋಚ. ನಮ್ಮಲ್ಲಿ ಯಾರ ಮೈಗಾದರೂ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರು ನಾವು, ಇಲ್ಲಿ ಗುರುತಿಲ್ಲದ ಒಬ್ಬರ ತೊಡೆಯ ಮೇಲೆ ನನ್ನ ಕಾಲು. ಎಳೆದುಕೊಳ್ಳಲು ಹೋದೆ, ಬಿಡಲಿಲ್ಲ. ಸೂಜಿಗೆ ಬಿಳಿ ದಾರ ಪೋಣಿಸಿ, ಎರಡನ್ನೂ ಕಂದು ಬಣ್ಣದ ಅಯೋಡಿನ್‌ನಲ್ಲಿ ಅದ್ದಿ, ಬೊಬ್ಬೆಯ ಒಂದು ಬದಿಯಿಂದ ಹಾಕಿ ಇನ್ನೊಂದು ಬದಿಯಲ್ಲಿ ತೆಗೆದರು. ದಾರವನ್ನು ಒಳಗೇ ಬಿಟ್ಟು ಎರಡೂ ತುದಿ ಬೆರಳಗಲ ಉಳಿಸಿ ಕತ್ತರಿಸಿದರು. ನೀರು ದಾರದ ಗುಂಟ ಇಳಿದು ಟವೆಲ್ ಒದ್ದೆ ಆಯಿತು. ಒಂಚೂರೂ ನೋಯಲಿಲ್ಲ. ನನ್ನ ಅಜ್ಜಿ ಮುಳ್ಳು ತೆಗೆಯುವಾಗ ಹೀಗೇ ಕೂರುತ್ತಿದ್ದಳು. ಆದರೆ ದಾರ ಒಳಗೆ ಬಿಟ್ಟರೆ ಯಾರಿಗಾದರೂ ಸೋಂಕು ಆದೀತು, ಸಕ್ಕರೆ ಕಾಯಿಲೆ ಇದ್ದವರಂತೂ ಈ ಚಿಕಿತ್ಸೆಗೆ ಕಾಲು ಕೊಡಲೇಬೇಡಿ. ಫಾರ್ಮಸಿಗೆ ಹೋಗಿ ತೋರಿಸಿ. ದಾರಿಯ ಊರುಗಳಲ್ಲಿ ಹಸಿರು ಶಿಲುಬೆಯ ಫಾರ್ಮಸಿ ಸಿಗುತ್ತದೆ, ಅವರಿಗೆ ಕಾಲಿನ ತೊಂದರೆಗಳೆಲ್ಲ ಬಾಯಿಪಾಠ.

ಆ ರಾತ್ರಿ ಊಟಕ್ಕೆ ಒಂದೇ ಉದ್ದ ಮೇಜು. ಕಡಲೆ ಹಾಕಿದ ಸಾರಿನಂಥದ್ದು, ಬ್ರೆಡ್, ಕಲ್ಲಂಗಡಿ. ತಿಂದವರೇ ಎದ್ದು ಪಾತ್ರೆ ತೊಳೆದೆವು. ಇವರು ಮನೆಯಲ್ಲಿ ಲೋಟ ತೊಳೆದವರಲ್ಲ, ಅಲ್ಲಿ ಒಬ್ಬ ಕೊರಿಯಾದವರ ಪಕ್ಕ ನಿಂತು ನಲವತ್ತು ತಟ್ಟೆ ಒರೆಸಿದರು.

ದೊನಾತಿವೊ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಬಿಟ್ಟಿ ಅಲ್ಲ. ಡಬ್ಬಿಗೆ ಒಂದೆರಡು ಯೂರೋ ಹಾಕಿ ಊಟ, ನಿದ್ದೆ, ತಿಂಡಿ ಎಲ್ಲ ಮುಗಿಸಿಕೊಂಡು ಹೋಗುವವರನ್ನು ನೋಡಿದೆ, ಹೊಟ್ಟೆ ಉರಿಯಿತು. ನಿನ್ನೆ ಬಂದವರು ಹಾಕಿದ ದುಡ್ಡಿನಲ್ಲಿ ಇವತ್ತಿನವರ ಊಟ ನಡೆಯುತ್ತದೆ. ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ಯುಗಾದಿ ಸಮಯದಲ್ಲಿ ನಡೆದು ಹೋಗುವವರಿಗೆ ದಾರಿಯುದ್ದಕ್ಕೂ ದಾಸೋಹ ಇರುತ್ತದಲ್ವಾ, ಅಲ್ಲಿ ಮಾಡುವವರು ಬೇರೆ, ಉಣ್ಣುವವರು ಬೇರೆ. ಇಲ್ಲಿ ಉಣ್ಣುವವರೇ ಮಾಡಬೇಕು. ನಾವು ಒಬ್ಬೊಬ್ಬರಿಗೆ ಇಪ್ಪತ್ತು ಯೂರೋ ಲೆಕ್ಕದಲ್ಲಿ ಹಾಕಿದೆವು. ನೀವೂ ಖಾಸಗಿಯಲ್ಲಿ ಎಷ್ಟು ಕೊಡುತ್ತಿದ್ದಿರೋ ಅಷ್ಟನ್ನಾದರೂ ಹಾಕಿ.

ನಮ್ಮ ಲೆಕ್ಕದಲ್ಲಿ ಇಡೀ ದಾರಿಯಲ್ಲೇ ಒಳ್ಳೆಯದು ರಬನಾಲ್ ಊರಿನ ಗೌಸೆಲ್ಮೊ ಛತ್ರ. 1991ರಿಂದ ನಡೆಯುತ್ತಿದೆ. ಲಂಡನ್ನಿನ ಯಾತ್ರಿಕರ ಸಂಘ ಅಲ್ಲಿನ ಬಿಯೆರ್ಥೊ ಪ್ರದೇಶದ ಸಂಘದ ಜೊತೆ ಸೇರಿ ನಡೆಸುತ್ತದೆ. ಇದೂ ದೊನಾತಿವೊ, ಬುಕಿಂಗ್ ಇಲ್ಲ. ಹಿತ್ತಲಿನ ತೋಟದಲ್ಲಿ ಸಂಜೆ ಚಹಾ ಕೊಟ್ಟರು. ಹಾಲು ಹಾಕಿದ ಚಹಾ! ಆರು ದಿನದ ಮೇಲೆ ನನಗೆ ಸಿಕ್ಕ ಮೊದಲ ಚಹಾ ಅದು. ಸ್ಪೇನಿನ ಬಾರುಗಳಲ್ಲಿ ಕಾಫಿ ಚೆನ್ನಾಗಿರುತ್ತದೆ, ಚಹಾ ಕೇಳಿದರೆ ಬಿಸಿನೀರಿನಲ್ಲಿ ಒಂದು ಪೊಟ್ಟಣ ಇಳಿಬಿಟ್ಟು ಕೊಡುತ್ತಾರೆ. ಚಹಾ ಆದ ಮೇಲೆ ಎದುರಿನ ಹಳೇ ಚರ್ಚಿನಲ್ಲಿ ಸನ್ಯಾಸಿಗಳು ಲ್ಯಾಟಿನ್‌ನಲ್ಲಿ ಹಾಡುವ ಸಂಜೆ ಪ್ರಾರ್ಥನೆಗೆ ಹೋಗಿ ಕೂತೆವು. ಒಂದು ಅಕ್ಷರ ಅರ್ಥ ಆಗದಿದ್ದರೂ ಎದ್ದು ಬರಲು ಮನಸ್ಸಾಗಲಿಲ್ಲ.

ಮರುದಿನ ಕ್ರೂಸ್ ದೆ ಫೆರೊ. ಸುಮಾರು 1,500 ಮೀಟರ್ ಎತ್ತರದಲ್ಲಿ ಒಂದು ಮರದ ಕಂಬ, ತುದಿಯಲ್ಲಿ ಕಬ್ಬಿಣದ ಶಿಲುಬೆ, ಬುಡದಲ್ಲಿ ಕಲ್ಲಿನ ಗುಡ್ಡೆ. ಮನೆಯಿಂದ ತಂದ ಕಲ್ಲನ್ನು ಅಲ್ಲಿ ಇಡುವುದು ವಾಡಿಕೆ. ನಾನು ಸಾಗರದ ಕಡೆಯಿಂದ, ಶರಾವತಿ ಹಿನ್ನೀರು ಬೇಸಿಗೆಯಲ್ಲಿ ಇಳಿದಾಗ ಕಾಣುವ ದಂಡೆಯಿಂದ, ಒಂದು ಸಣ್ಣ ಕಲ್ಲು ತಂದಿದ್ದೆ. ನನ್ನ ತವರಿನವರು ಲಿಂಗನಮಕ್ಕಿ ಅಣೆಕಟ್ಟಿಗೆ ಊರು ಬಿಟ್ಟು ಬಂದವರು, ನಾನು ಹುಟ್ಟುವುದಕ್ಕೂ ಮೊದಲು. ಕಲ್ಲು ಇಟ್ಟೆ. ಇದರ ಬಗ್ಗೆ ಮುಂದೆ ಇನ್ನೊಂದು ಮಾತಿದೆ.

ಅಲ್ಲಿಂದ ಎಲ್ ಅಸೆಬೊ, ಮೊಲಿನಸೆಕಾ ಕಡೆಗೆ ಇಳಿಜಾರು. ಬರೀ ಸಡಿಲ ಚಕ್ಕೆ ಕಲ್ಲು. ಮಂಡಿ ನೋವು ಇದ್ದವರು ಹತ್ತುವುದಕ್ಕಲ್ಲ, ಈ ಇಳಿಯುವುದಕ್ಕೆ ಹೆದರಬೇಕು. ಎರಡು ಊರುಗೋಲು ಇಲ್ಲದೆ ಹೋಗಬೇಡಿ. ಮೊಲಿನಸೆಕಾದ ಹಳೇ ಸೇತುವೆ ಕೆಳಗೆ ಹೊಳೆಯಲ್ಲಿ ಕಾಲು ಇಳಿಬಿಟ್ಟು ಕೂತಾಗ ಇವರ ಮಂಡಿ ಬಾತು ತೆಂಗಿನಕಾಯಿ ಆಗಿತ್ತು. “ನಾಳೆಯಿಂದ ಚೀಲ ಹೊರೋಕೆ ಆಗಲ್ಲ ಕಣೇ” ಅಂದರು.

ಹೀಗಾಗಿ ಚೀಲ ಸಾಗಿಸುವ ಸೇವೆ ಹಿಡಿದೆವು. ಬೆಳಿಗ್ಗೆ ಎಂಟರೊಳಗೆ ಚೀಲವನ್ನು ಬಾಗಿಲ ಹತ್ತಿರ ಇಟ್ಟು, ಮುಂದಿನ ಊರಿನ ತಂಗುದಾಣದ ಹೆಸರು ಮತ್ತು ಫೋನ್ ನಂಬರ್ ಬರೆದ ಲಕೋಟೆ ಕಟ್ಟಿದರೆ ವ್ಯಾನಿನವರು ತಲುಪಿಸುತ್ತಾರೆ. ಒಂದು ಚೀಲಕ್ಕೆ ದಿನಕ್ಕೆ ಐದಾರು ಯೂರೋ. ಸ್ಪೇನಿನ ಅಂಚೆ ಇಲಾಖೆಯೂ ಮಾಡುತ್ತದೆ, ಖಾಸಗಿಯವರೂ ಇದ್ದಾರೆ. ನಾವು ಉಪಯೋಗಿಸಿದ ಒಂದು ಖಾಸಗಿ ಸೇವೆ ಎರಡು ದಿನ ಸರಿಯಾಗಿ ಮಾಡಿ ಮೂರನೇ ದಿನ ಚೀಲವನ್ನು ಬೇರೆ ಊರಿಗೆ ಇಳಿಸಿತು. ಇವರ ಬಿಪಿ ಮಾತ್ರೆ ಅದರಲ್ಲಿತ್ತು. ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಕೊನೆಗೆ ನಾವು ತಂಗಿದ್ದ ಮನೆಯ ಯಜಮಾನರೇ ನಾಲ್ಕು ಕಡೆ ಫೋನ್ ಮಾಡಿ ಹುಡುಕಿ, ರಾತ್ರಿ ಒಂಬತ್ತಕ್ಕೆ ತಮ್ಮ ಕಾರಿನಲ್ಲಿ ಹೋಗಿ ತಂದುಕೊಟ್ಟರು. ಪೆಟ್ರೋಲಿಗೂ ದುಡ್ಡು ಮುಟ್ಟಲಿಲ್ಲ. ಮಾತ್ರೆ, ಪಾಸ್‌ಪೋರ್ಟ್, ದುಡ್ಡು ಯಾವತ್ತೂ ಮೈಮೇಲೆ ಇರಲಿ.

ಈ ಸೇವೆಯ ಇನ್ನೊಂದು ತೊಂದರೆ ಮೊದಲೇ ಯಾರೂ ಹೇಳಿರಲಿಲ್ಲ. ದಾರಿಯ ಕೊನೆಯ ಭಾಗ ಇರುವ ಗಲೀಸಿಯಾ ಪ್ರಾಂತ್ಯದ ಸರ್ಕಾರಿ ಛತ್ರಗಳು ವ್ಯಾನಿನಲ್ಲಿ ಬರುವ ಚೀಲ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಚೀಲ ಕಳಿಸಬೇಕು ಅಂದರೆ ಖಾಸಗಿಯಲ್ಲಿ ಬುಕ್ ಮಾಡಬೇಕು. ಬುಕ್ ಮಾಡಿದ ಮೇಲೆ ದಣಿವಾದರೂ ಆ ಊರಿಗೇ ಹೋಗಬೇಕು, ದಾರಿಯಲ್ಲಿ ಇಷ್ಟವಾದ ಜಾಗ ಸಿಕ್ಕರೂ ನಿಲ್ಲುವ ಹಾಗಿಲ್ಲ. ನಾಲ್ಕು ದಿನ ಹಾಗೆ ನಡೆದು ನಮಗೆ ಬೇಜಾರು ಬಂತು. ಆಮೇಲೆ ಒಂದು ಬಾರಿನವರು ಉಪಾಯ ಹೇಳಿಕೊಟ್ಟರು: ಚೀಲವನ್ನು ಊರಿನ ಬಾರಿಗೆ ಕಳಿಸಿ, ಅಲ್ಲಿ ಒಂದು ಕಾಫಿ ಕುಡಿದು, ಎತ್ತಿಕೊಂಡು ಸರ್ಕಾರಿ ಛತ್ರಕ್ಕೆ ಹೋಗುವುದು. ಮೊದಲು ಬಾರಿನವರನ್ನು ಕೇಳಿ ಒಪ್ಪಿಸಿಕೊಳ್ಳಿ, ಅಷ್ಟೇ.

ಗಲೀಸಿಯಾದ ಸರ್ಕಾರಿ ಛತ್ರಗಳಿಗೆ ಶುಂತಾ ಛತ್ರ ಎನ್ನುತ್ತಾರೆ. ಹಾಸಿಗೆಗೆ ಹತ್ತು ಯೂರೋ, ಒಂದೇ ರಾತ್ರಿ. ಕಾಗದದ ಥರದ ಹಾಸುಬಟ್ಟೆ ಕೊಡುತ್ತಾರೆ. ಸ್ವಚ್ಛ, ಬಿಸಿನೀರು ಜೋರು. ಅಡುಗೆಮನೆ ನೋಡಿ ನಾನು ಹಿಗ್ಗಿದೆ. ಹೊಳೆಯುವ ಒಲೆ, ಸಿಂಕು ಎಲ್ಲ ಇದೆ. ಕಪಾಟು ತೆಗೆದರೆ ಒಂದು ಚಮಚವೂ ಇಲ್ಲ. ಎಷ್ಟೋ ಶುಂತಾ ಛತ್ರಗಳಲ್ಲಿ ಹೀಗೇ. ನಾವು ಅವಲಕ್ಕಿ, ಚಟ್ನಿಪುಡಿ, ಒಂದು ಲೀಟರಿನ ಸ್ಟೀಲ್ ಪಾತ್ರೆ ಒಯ್ದಿದ್ದರಿಂದ ಬಚಾವಾದೆವು.

ಊಟದ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ನಾವು ಮೊಟ್ಟೆ ತಿನ್ನುತ್ತೇವೆ, ಮೀನು ಮಾಂಸ ಇಲ್ಲ. ಹೋಟೆಲುಗಳಲ್ಲಿ ಯಾತ್ರಿಕರ ಊಟ ಎಂದು ಮೂರು ಐಟಂ, ಬ್ರೆಡ್, ವೈನ್ ಸೇರಿ ಹನ್ನೆರಡರಿಂದ ಹದಿನೈದು ಯೂರೋಗೆ ಕೊಡುತ್ತಾರೆ. ಸಸ್ಯಾಹಾರಿ ಅಂದರೆ ಅಲ್ಲಿ ಅರ್ಥ ಸ್ವಲ್ಪ ಸಡಿಲ. ತರಕಾರಿ ಸಲಾಡ್ ಅಂದರೆ ಮೇಲೆ ಟ್ಯೂನಾ ಮೀನು ಇರುತ್ತದೆ. ಗಲೀಸಿಯಾದ ಸೊಪ್ಪಿನ ಸಾರು ನೋಡಲು ನಮ್ಮದೇ ಸಾರು, ಆದರೆ ಹಂದಿ ಕೊಬ್ಬು ಹಾಕಿರುತ್ತಾರೆ. “ಸಿನ್ ಕಾರ್ನೆ, ಸಿನ್ ಪೆಸ್ಕಾದೊ, ಸಿನ್ ಹಮೋನ್” ಅಂದರೆ ಮಾಂಸ ಬೇಡ, ಮೀನು ಬೇಡ, ಹಂದಿಯ ಹ್ಯಾಮ್ ಬೇಡ ಎಂದು ಮೂರನ್ನೂ ಬಿಡಿಸಿ ಹೇಳಿ. ಆಲೂಗಡ್ಡೆ ಮೊಟ್ಟೆಯ ತೊರ್ತಿಯಾ ಎಲ್ಲಾ ಬಾರಿನಲ್ಲೂ ಸಿಗುತ್ತದೆ, ಅದೇ ನಮ್ಮನ್ನು ಸಾಕಿದ್ದು. ಪಾದ್ರೋನ್ ಎಂಬ ಪುಟ್ಟ ಹಸಿ ಮೆಣಸಿನಕಾಯಿಯನ್ನು ಎಣ್ಣೆಯಲ್ಲಿ ಕರಿದು ಕಲ್ಲುಪ್ಪು ಉದುರಿಸಿ ಕೊಡುತ್ತಾರೆ, ಅದನ್ನು ಬಿಡಬೇಡಿ. ಅರ್ಸುವಾ ಊರಿನ ಮೆತ್ತನೆ ಚೀಸ್ ಕೂಡ. ಮೆಲಿದೆ ಊರು ಆಕ್ಟೋಪಸ್‌ಗೆ ಹೆಸರುವಾಸಿ, ತಿನ್ನುವವರು ಅಲ್ಲಿ ನಿಲ್ಲಬಹುದು. ಸಂಜೆ ನಾಲ್ಕರಿಂದ ಎಂಟರವರೆಗೆ ಬಹಳ ಕಡೆ ಅಡುಗೆಮನೆ ಮುಚ್ಚಿರುತ್ತದೆ. ಭಾನುವಾರ ಅಂಗಡಿಯೂ ಇಲ್ಲ.

ಸಾರಿಯಾದಿಂದ ಮುಂದೆ ಬೇರೆಯದೇ ದಾರಿ. ಯಾತ್ರೆ ಮುಗಿಸಿದವರಿಗೆ ಸಾಂತಿಯಾಗೊದಲ್ಲಿ ಕೊಡುವ ಪ್ರಮಾಣಪತ್ರಕ್ಕೆ ಕನಿಷ್ಠ 100 ಕಿಲೋಮೀಟರ್ ನಡೆದರೆ ಸಾಕು, ಸಾರಿಯಾ ಆ ಗೆರೆಯ ಸ್ವಲ್ಪ ಹಿಂದೆ ಇದೆ. ಹಾಗಾಗಿ ಅಲ್ಲಿ ಜನ ಬಸ್ಸುಗಟ್ಟಲೆ ಇಳಿಯುತ್ತಾರೆ. ಶಾಲೆ ಮಕ್ಕಳು, ಸ್ಪೀಕರ್‌ನಲ್ಲಿ ಹಾಡು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರದ್ದೂ ಯಾತ್ರೆಯೇ. ಆದರೆ ಛತ್ರ ನೋಡಿಕೊಳ್ಳುವವರು ಬದಲಾಗುತ್ತಾರೆ. ಕಾಲು ನೋಡುವವರಿಲ್ಲ, ಎಲ್ಲಿಂದ ಬಂದಿರಿ ಎಂದು ಕೇಳುವವರಿಲ್ಲ. ಕಾರ್ಡು, ದುಡ್ಡು, ಹಾಸಿಗೆ ನಂಬರ್. ದಿನಕ್ಕೆ ನೂರಾರು ಜನ ಬಂದರೆ ಅವರಾದರೂ ಏನು ಮಾಡುತ್ತಾರೆ. ಒಂದು ಖಾಸಗಿ ಕಡೆ ನಾವು ಬುಕ್ ಮಾಡಿದ ಇಬ್ಬರ ಕೋಣೆಯನ್ನು ಬೇರೆಯವರಿಗೆ ಕೊಟ್ಟು, ನಮಗೆ ಅಟ್ಟದಲ್ಲಿ ಕಿಟಕಿ ಇಲ್ಲದ ಎರಡು ಮಂಚ ತೋರಿಸಿದರು, ಅದೇ ದರಕ್ಕೆ. ಲಿಯೋನ್ ಕಡೆ ಹತ್ತು ದಿನದಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲ. ಈ ಭಾಗದಲ್ಲಿ ನಮಗೆ ಹಿಡಿಸಿದ್ದು ಅರ್ಸುವಾಕ್ಕೆ ಮೊದಲು ಬರುವ ರಿಬಾದಿಸೊದ ಶುಂತಾ ಛತ್ರ. ಹಳೇ ಕಾಲದ ಯಾತ್ರಿಕರ ಆಸ್ಪತ್ರೆಯ ಕಲ್ಲಿನ ಕಟ್ಟಡ, ಪಕ್ಕದಲ್ಲೇ ಹೊಳೆ, ಹೊಳೆಗೆ ಹಳೇ ಸೇತುವೆ. ಮಧ್ಯಾಹ್ನ ಬೇಗ ತಲುಪಿದರೆ ಮಾತ್ರ ಜಾಗ.

ಮತ್ತೆ ಪೊರ್ತೊಮರಿನ್. ಊರಿನ ವಸತಿ ಸಾಧಾರಣ, ಅದರ ಬಗ್ಗೆ ಬರೆಯುವಂಥದ್ದೇನಿಲ್ಲ. ಆದರೆ ಆ ಊರೇ ಹಳೆಯ ಜಾಗದಲ್ಲಿಲ್ಲ. 1963ರಲ್ಲಿ ಮುಗಿದ ಬೆಲೆಸಾರ್ ಅಣೆಕಟ್ಟಿನ ನೀರು ಹಳೇ ಊರನ್ನು ಮುಳುಗಿಸಿತು. ಜನರನ್ನು ಮೇಲಿನ ಗುಡ್ಡಕ್ಕೆ ತಂದರು. ಚರ್ಚನ್ನೂ ಕಲ್ಲು ಕಲ್ಲು ಬಿಚ್ಚಿ ತಂದು ಮೇಲೆ ಕಟ್ಟಿದರು. ಗೋಡೆಯ ಹತ್ತಿರ ಹೋಗಿ ನೋಡಿದರೆ ಕಲ್ಲುಗಳ ಮೇಲೆ ಆಗ ಬರೆದ ನಂಬರು ಇನ್ನೂ ಇದೆ. ಕೆಲವು ಮಾಸಿವೆ, ಕೆಲವು ಸ್ಪಷ್ಟವಾಗಿ ಓದಲು ಬರುತ್ತವೆ. ನಮ್ಮ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನೂ ಹೀಗೇ ಬಿಚ್ಚಿ ತಂದು ಕಟ್ಟಿದರಲ್ವಾ. ನಾನು ಗೋಡೆ ಮೇಲೆ ಕೈ ಇಟ್ಟುಕೊಂಡು ಬಹಳ ಹೊತ್ತು ನಿಂತೆ. ನಮ್ಮ ತವರಿನ ಊರಿನಿಂದ ನಂಬರು ಹಾಕಿ ತಂದದ್ದು ಒಂದೂ ಇಲ್ಲ. ಸಂಜೆ ಸೇತುವೆ ಮೇಲಿಂದ ನೋಡಿದರೆ ನೀರು ಇಳಿದಿತ್ತು, ಹಳೇ ಗೋಡೆಗಳ ಸಾಲು ಕಾಣುತ್ತಿತ್ತು, ಮೇ ತಿಂಗಳಲ್ಲಿ ನಮ್ಮ ಕಡೆ ಕಾಣುವ ಹಾಗೇ. ಕಲ್ಲನ್ನು ಬೆಟ್ಟದ ಮೇಲೆ ಇಟ್ಟುಬಿಟ್ಟಿದ್ದೆ. ಇಲ್ಲಿಯ ತನಕ ತರಬೇಕಿತ್ತು ಅನಿಸಿತು. ಇವರು ಏನೂ ಮಾತಾಡಲಿಲ್ಲ, ನನ್ನ ಚೀಲವನ್ನೂ ತೆಗೆದುಕೊಂಡು ಮೆಟ್ಟಿಲು ಹತ್ತಿದರು, ಮಂಡಿ ನೋವಿದ್ದರೂ.

ಕೊನೆಯ ಎರಡು ದಿನ ಬಹುಪಾಲು ನೀಲಗಿರಿ ತೋಪಿನಲ್ಲೇ ನಡಿಗೆ. ವಾಸನೆ ನಮ್ಮ ಊರಿನದ್ದೇ. ಕೊನೆಯ 100 ಕಿಲೋಮೀಟರಿನಲ್ಲಿ ದಿನಕ್ಕೆ ಎರಡು ಸೀಲು ಹಾಕಿಸಲು ಮರೆಯಬೇಡಿ, ಬಾರಿನಲ್ಲೂ ಚರ್ಚಿನಲ್ಲೂ ಹಾಕುತ್ತಾರೆ. ಸಾಂತಿಯಾಗೊದ ಯಾತ್ರಿಕರ ಕಚೇರಿ ಚೆನ್ನಾಗಿ ನಡೆಯುತ್ತಿದೆ. ಫೋನಿನಲ್ಲಿ ವಿವರ ತುಂಬಿ ಟೋಕನ್ ತೆಗೆದುಕೊಂಡರೆ ಆಯಿತು, ನಮಗೆ ಅರ್ಧ ಗಂಟೆ ಹಿಡಿಯಿತು. ಯಾವ ಧರ್ಮ ಎಂದು ಯಾರೂ ಕೇಳಲಿಲ್ಲ, ನಡೆದ ಕಾರಣ ಮಾತ್ರ ಕೇಳುತ್ತಾರೆ. ಪ್ರಮಾಣಪತ್ರಕ್ಕೆ ದುಡ್ಡಿಲ್ಲ, ಎಷ್ಟು ದೂರ ನಡೆದಿರಿ ಎಂದು ಬರೆದುಕೊಡುವ ಇನ್ನೊಂದು ಪತ್ರಕ್ಕೆ ಮೂರು ಯೂರೋ. ಅದನ್ನೂ ತೆಗೆದುಕೊಳ್ಳಿ. ಚರ್ಚಿನೊಳಗೆ ಬೆನ್ನುಚೀಲ ಬಿಡುವುದಿಲ್ಲ. ದೊಡ್ಡ ಧೂಪದ ಪಾತ್ರೆ ತೂಗುವುದು ಎಲ್ಲ ದಿನ ಇರುವುದಿಲ್ಲ, ನಾವು ಹೋದ ದಿನ ಇರಲಿಲ್ಲ.

ಖರ್ಚು, ವಿಮಾನ ಬಿಟ್ಟು, ಇಬ್ಬರಿಗೆ ದಿನಕ್ಕೆ ಸರಾಸರಿ 75 ಯೂರೋ ಆಯಿತು. ಲಿಯೋನ್‌ನಿಂದ ಸಾರಿಯಾವರೆಗಿನ ಛತ್ರಗಳಿಗೆ ಐದಕ್ಕೆ ಐದು ಕೊಡುತ್ತೇನೆ, ಆಮೇಲಿನದಕ್ಕೆ ಮೂರು.

ಸಾಂತಿಯಾಗೊದಲ್ಲಿ ಮಾತ್ರ ಮೊದಲೇ ಬುಕ್ ಮಾಡಿ. ನಾವು ಸೆಮಿನಾರಿಯೊ ಮೆನೋರ್‌ನಲ್ಲಿ ಉಳಿದೆವು. ಗುಡ್ಡದ ಮೇಲಿನ ಭಾರೀ ಹಳೇ ಕಟ್ಟಡ, ಚರ್ಚಿನ ಗೋಪುರಗಳು ಅಲ್ಲಿಂದ ಕಾಣುತ್ತವೆ. ಒಬ್ಬೊಬ್ಬರಿಗೇ ಆಗುವ ಪುಟ್ಟ ಕೋಣೆಗಳೂ ಇವೆ, ಒಂದು ಮಂಚ, ಒಂದು ಮೇಜು, ಒಂದು ಸಿಂಕು. 16 ದಿನ ಹಾಲ್‌ನಲ್ಲಿ ಮಲಗಿದ ಮೇಲೆ ಬಾಗಿಲು ಹಾಕಿಕೊಳ್ಳುವ ಸುಖ ಬೇಕಿತ್ತು, ಇಬ್ಬರೂ ಒಂದೊಂದು ಕೋಣೆ ಹಿಡಿದೆವು. ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟಿದ ಸದ್ದು. ತೆಗೆದರೆ ಇವರು, ಮಂಡಿಗೆ ಹಚ್ಚುವ ಎಣ್ಣೆ ಕೈಯಲ್ಲಿ ಹಿಡಿದು ನಿಂತಿದ್ದರು.